ಕಾರಿನ ಎಸಿ ಬಿಸಿಗಾಳಿ ಊದುತ್ತಿದೆಯೇ? ಗ್ಯಾಸ್ ತುಂಬಿಸುವ ಮೊದಲು ಇಷ್ಟು ನೋಡಿ

ಕಾರಿನ ಎಸಿಯಿಂದ ಬಿಸಿಗಾಳಿ ಬರತೊಡಗಿದ ಕೂಡಲೇ ಯಾರನ್ನು ಕೇಳಿದರೂ ಸಿಗುವ ಉತ್ತರ ಒಂದೇ: 'ಗ್ಯಾಸ್ ಮುಗಿದಿರಬೇಕು, ತುಂಬಿಸಿಬಿಡಿ.' ನನ್ನ ಹಳೇ ಕಾರಿಗೂ ಇದೇ ಔಷಧಿಯಾಯಿತು. ಓಡುವಾಗ ತಣ್ಣಗಿರುತ್ತಿತ್ತು, ಸಿಗ್ನಲ್‌ನಲ್ಲಿ ನಿಂತರೆ ಬಿಸಿ. ಗ್ಯಾಸ್ ತುಂಬಿಸಿದೆ. ಎರಡು ದಿನ ಸರಿಹೋದಂತೆ ಕಂಡಿತು. ಆ ಎರಡು ದಿನ ಮೋಡ ಮುಚ್ಚಿತ್ತು ಎಂಬುದು ಆಮೇಲೆ ಹೊಳೆಯಿತು. ಮೂರನೇ ದಿನ ಬಿಸಿಲು ಬಿದ್ದಾಗ ಎಸಿ ಮೊದಲಿಗಿಂತ ಹದಗೆಟ್ಟಿತ್ತು. ಕೊನೆಗೆ ಸಿಕ್ಕಿದ್ದು ಫ್ಯಾನಿನ ಕನೆಕ್ಟರ್ ಒಳಗೆ ಕರಗಿಹೋದ ಒಂದು ಪಿನ್. ಗ್ಯಾಸಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಸಾಲದ್ದಕ್ಕೆ, ಹೆಚ್ಚಾಗಿ ತುಂಬಿಸಿದ್ದ ಗ್ಯಾಸನ್ನು ತೆಗೆಸುವ ಕೆಲಸವೂ ಮೈಮೇಲೆ ಬಂತು.

ಎಸಿ ಗ್ಯಾಸ್ ಪೆಟ್ರೋಲಿನಂತೆ ಉರಿದು ಖರ್ಚಾಗುವ ಪದಾರ್ಥವಲ್ಲ. ಮುಚ್ಚಿದ ಕೊಳವೆಗಳೊಳಗೆ ಅದೇ ಅರ್ಧ ಕಿಲೋ ಆಸುಪಾಸಿನ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ರಬ್ಬರ್ ಹೋಸುಗಳ ಮೈಯಿಂದ, ಕಂಪ್ರೆಸರಿನ ಸೀಲಿನಿಂದ ವರ್ಷಕ್ಕೆ ಚೂರುಪಾರು ಜಿನುಗುವುದು ನಿಜ. ಆದರೆ ಹೋದ ಬೇಸಿಗೆಯಲ್ಲಿ ತುಂಬಿಸಿದ್ದು ಈ ಬೇಸಿಗೆಗೆ ಇಲ್ಲವೆಂದರೆ ಎಲ್ಲೋ ತೂತಾಗಿದೆ. ಅದನ್ನು ಮುಚ್ಚದೆ ಮತ್ತೆ ಗ್ಯಾಸ್ ಹಾಕುವುದು ಒಡೆದ ಕೊಡಕ್ಕೆ ನೀರು ಹೊತ್ತಂತೆ. ತೂತಿಲ್ಲವೆಂದಾದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು. ಹಾಗಾಗಿ ಗ್ಯಾಸಿನ ಮಾತನ್ನು ನಾನು ಈ ಬರಹದ ಕೊನೆಯ ಭಾಗಕ್ಕೆ ಇಟ್ಟುಕೊಂಡಿದ್ದೇನೆ.

ತಂಪು ಎಲ್ಲಿಂದ ಬರುತ್ತದೆ

ಎಸಿ ತಂಪನ್ನು ತಯಾರಿಸುವುದಿಲ್ಲ, ಕಾರಿನೊಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ. ಕಂಪ್ರೆಸರ್ ಗ್ಯಾಸನ್ನು ಒತ್ತಿ ಬಿಸಿಮಾಡಿ ಮುಂದೆ ದೂಡುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಅದು ಗಾಳಿಗೆ ಶಾಖ ಬಿಟ್ಟುಕೊಟ್ಟು ದ್ರವವಾಗುತ್ತದೆ. ದ್ರವವು ತೇವ ಹೀರುವ ಡ್ರೈಯರ್ ಬಾಟಲನ್ನು ಹಾದು, ಎಕ್ಸ್‌ಪಾನ್ಷನ್ ವಾಲ್ವಿನ ಸೂಜಿಗಂಡಿಯಲ್ಲಿ ನುಸುಳಿ, ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲಿಗೆ ಬರುತ್ತದೆ. ಅಲ್ಲಿ ಒತ್ತಡ ತಟ್ಟನೆ ಕುಸಿಯುವುದರಿಂದ ಕುದಿಯತೊಡಗುತ್ತದೆ, ಕುದಿಯಲು ಬೇಕಾದ ಶಾಖವನ್ನು ಒಳಗಿನ ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ. ಬಹುಪಾಲು ಕಾರುಗಳಲ್ಲಿರುವ ಆರ್-134ಎ ಎಂಬ ಎಸಿ ಗ್ಯಾಸ್ ಸಾಮಾನ್ಯ ವಾತಾವರಣದ ಒತ್ತಡದಲ್ಲಿ ಮೈನಸ್ 26 ಡಿಗ್ರಿಗೇ ಕುದಿಯುವ ಪದಾರ್ಥ. ಬ್ಲೋವರ್ ಆ ಕಾಯಿಲಿನ ಮೇಲೆ ಗಾಳಿ ಊದುತ್ತದೆ, ನಮಗೆ ತಂಪು ತಟ್ಟುತ್ತದೆ.

ಅಂದಮೇಲೆ ಬಿಸಿಗಾಳಿ ಬರಲು ದಾರಿಗಳು ಹಲವು. ಕಂಪ್ರೆಸರ್ ಒತ್ತದಿರಬಹುದು. ಕಂಡೆನ್ಸರ್ ಶಾಖ ಬಿಡದಿರಬಹುದು. ನಡುವೆ ದಾರಿ ಕಟ್ಟಿರಬಹುದು. ಕಾಯಿಲ್ ಹಿಮಗಟ್ಟಿರಬಹುದು. ಇಲ್ಲವೇ ಕಾಯಿಲಿನಿಂದ ತಣ್ಣಗೇ ಹೊರಟ ಗಾಳಿಗೆ ದಾರಿಯಲ್ಲಿ ಹೀಟರಿನ ಬಿಸಿ ಬೆರೆತಿರಬಹುದು. ಈ ಕೊನೆಯದನ್ನು ಜನ ಬಹಳ ಸಲ ಮರೆಯುತ್ತಾರೆ.

ಮೊದಲ ಪ್ರಶ್ನೆ: ಯಾವಾಗ ಬಿಸಿ?

ಬಾನೆಟ್ ಎತ್ತುವ ಮೊದಲು ಎರಡು ಮೂರು ದಿನ ಗಮನವಿಟ್ಟು ಓಡಿಸಿ. ದೋಷ ತನ್ನ ಗುರುತನ್ನು ತಾನೇ ಹೇಳಿಕೊಳ್ಳುತ್ತದೆ.

ಓಡುವಾಗ ತಣ್ಣಗೆ, ನಿಂತಾಗ ಬಿಸಿ ಎಂದರೆ ಮೊದಲ ಅನುಮಾನ ಕಂಡೆನ್ಸರ್ ಫ್ಯಾನಿನ ಮೇಲೆ. ಓಡುವ ಕಾರಿಗೆ ಎದುರುಗಾಳಿಯೇ ಫ್ಯಾನು. ನಿಂತ ಕಾರಿಗೆ ಆ ಭಾಗ್ಯವಿಲ್ಲ. ಸವೆದ ಕಂಪ್ರೆಸರ್ ಕೂಡ ಇದೇ ಲಕ್ಷಣ ತೋರಿಸಬಹುದು, ಏಕೆಂದರೆ ಎಂಜಿನ್ ನಿಧಾನವಾಗಿ ತಿರುಗುವಾಗ ಅದಕ್ಕೆ ಒತ್ತುವ ಕಸುವು ಸಾಲದು. ಇವೆರಡನ್ನೂ ಬೇರ್ಪಡಿಸಲು ನಿಂತಲ್ಲೇ ರೇಸ್ ಕೊಟ್ಟು ನೋಡಿ. ರೇಸಿಗೆ ತಂಪು ಮರಳಿದರೆ ಕಂಪ್ರೆಸರಿನ ಕಡೆ, ಮರಳದಿದ್ದರೆ ಫ್ಯಾನಿನ ಕಡೆ ವಾಲಬಹುದು. ಇದು ಪಕ್ಕಾ ತೀರ್ಪಲ್ಲ, ಒಂದು ಒಲವು ಮಾತ್ರ.

ಮೊದಲ ಅರ್ಧ ಗಂಟೆ ಚೆನ್ನಾಗಿ ತಂಪಾಗಿ, ಆಮೇಲೆ ಗಾಳಿಯ ರಭಸವೇ ಕುಗ್ಗಿ, ಬ್ಲೋವರ್ ಸದ್ದು ಮಾತ್ರ ಜೋರಾಗಿದ್ದರೆ ಕೂಲಿಂಗ್ ಕಾಯಿಲ್ ಹಿಮಗಟ್ಟಿದೆ. ಎಸಿ ಆಫ್ ಮಾಡಿ ಬರೀ ಬ್ಲೋವರ್ ಹತ್ತು ಹದಿನೈದು ನಿಮಿಷ ಓಡಿಸಿದರೆ ಹಿಮ ಕರಗಿ, ಕಾರಿನ ಅಡಿಯಿಂದ ನೀರು ಧಾರಾಳವಾಗಿ ಸುರಿದು, ಮತ್ತೆ ತಂಪು ಶುರುವಾಗುತ್ತದೆ. ಕಾರಣ ಕಾಯಿಲಿನ ತಾಪಮಾನ ನೋಡಿಕೊಳ್ಳುವ ಸೆನ್ಸರ್ ಕೆಟ್ಟಿರುವುದು, ಅಥವಾ ಕ್ಯಾಬಿನ್ ಫಿಲ್ಟರ್ ದೂಳಿನಿಂದ ಕಟ್ಟಿ ಕಾಯಿಲಿನ ಮೇಲೆ ಗಾಳಿ ಹರಿಯದಿರುವುದು. ಫಿಲ್ಟರ್ ಸಾಮಾನ್ಯವಾಗಿ ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ. ತೆಗೆದು ಬೆಳಕಿಗೆ ಹಿಡಿಯಲು ಐದು ನಿಮಿಷ ಸಾಕು. ಗ್ಯಾಸ್ ಸ್ವಲ್ಪ ಕಡಿಮೆಯಾದರೂ ಕಾಯಿಲಿನ ಒಂದು ಮೂಲೆ ಹಿಮಗಟ್ಟುವುದುಂಟು.

ಇದಕ್ಕೆ ಹತ್ತಿರದ ಇನ್ನೊಂದು ಲಕ್ಷಣವಿದೆ. ಗಾಳಿಯ ರಭಸ ಹಾಗೇ ಇದ್ದು, ತಂಪು ಮಾತ್ರ ಮಾಯವಾಗುತ್ತದೆ. ಸ್ವಲ್ಪ ಹೊತ್ತು ಆಫ್ ಮಾಡಿಟ್ಟರೆ ಮರಳುತ್ತದೆ. ಇಲ್ಲಿ ಹಿಮಗಟ್ಟುತ್ತಿರುವುದು ಎಕ್ಸ್‌ಪಾನ್ಷನ್ ವಾಲ್ವಿನ ಸೂಜಿಗಂಡಿಯೊಳಗಿನ ತೇವ. ಒಳಗೆ ನೀರಿನಂಶ ಸೇರಿದೆ, ಡ್ರೈಯರ್ ತನ್ನ ಹೀರುವ ಶಕ್ತಿ ಕಳೆದುಕೊಂಡಿದೆ ಎಂದರ್ಥ. ಯಾವಾಗಲೋ ನಿರ್ವಾತ (ಪಂಪಿನಿಂದ ಒಳಗಿನ ಗಾಳಿ, ತೇವ ಹೊರತೆಗೆಯುವುದು) ಸರಿಯಾಗಿ ಎಳೆಯದೆ ಗ್ಯಾಸ್ ತುಂಬಿದ ಕಾರುಗಳಲ್ಲಿ ಇದು ಕಾಣುತ್ತದೆ.

ಬೆಳಿಗ್ಗೆ ಸರಿ, ಎಂಜಿನ್ ಚೆನ್ನಾಗಿ ಕಾದಮೇಲೆ ಮಧ್ಯಾಹ್ನ ಬಿಸಿ ಎಂದರೆ ಕಂಪ್ರೆಸರನ್ನು ಎಂಜಿನ್ನಿಗೆ ಜೋಡಿಸುವ ಕ್ಲಚ್ ನೋಡಿ. ಒಂದು ಬದಿಯ ಕಿಂಡಿಯಲ್ಲಿ ತಂಪು, ಇನ್ನೊಂದು ಬದಿಯಲ್ಲಿ ಬಿಸಿ ಎಂದರೆ ಡ್ಯಾಶ್‌ಬೋರ್ಡಿನೊಳಗೆ ಗಾಳಿಯ ದಾರಿ ತಿರುಗಿಸುವ ಫ್ಲಾಪ್ ನೋಡಿ, ಆದರೆ ಗ್ಯಾಸ್ ಕಡಿಮೆಯಾದಾಗಲೂ ಕೆಲವು ಕಾರುಗಳು ಎಡಬಲ ಹೀಗೆ ಭೇದ ಮಾಡುತ್ತವೆ. ವಾರಗಳ ಕಾಲ ನಿಧಾನವಾಗಿ ತಂಪು ಕ್ಷೀಣಿಸುತ್ತ ಬಂದಿದ್ದರೆ ಆಗ ಮಾತ್ರ ಸೋರಿಕೆಯ ಗುಮಾನಿ ಬಲವಾಗುತ್ತದೆ. ನಿನ್ನೆಯವರೆಗೆ ಚೆನ್ನಾಗಿದ್ದು ಇವತ್ತು ಪೂರ್ತಿ ಬಿಸಿಯಾಗಿದ್ದರೆ ಫ್ಯೂಸ್, ರಿಲೇ, ವೈರು, ಬೆಲ್ಟ್ ಮೊದಲು. ಇಲ್ಲವೇ ರಸ್ತೆಯ ಕಲ್ಲು ಸಿಡಿದು ಕಂಡೆನ್ಸರ್ ತೂತಾಗಿರಬೇಕು.

ನಿಜವಾಗಿಯೂ ಬಿಸಿಯೇ? ಅಳೆದು ನೋಡಿ

ಅಂಗೈ ಒಳ್ಳೆಯ ಥರ್ಮಾಮೀಟರ್ ಅಲ್ಲ. ಬಿಸಿಲಲ್ಲಿ ನಿಂತ ಕಾರು ಹತ್ತಿದಾಗ ಯಾವ ಎಸಿಯೂ ಸೋತಂತೆಯೇ ಕಾಣುತ್ತದೆ. ಕಡ್ಡಿಯಂತಹ ಅಡುಗೆಮನೆ ಥರ್ಮಾಮೀಟರ್ ಒಂದಿದ್ದರೆ ಸಾಕು, ನಡುವಿನ ಕಿಂಡಿಗೆ ತೂರಿಸಿ. ಕಾರನ್ನು ನೆರಳಿಗೆ ತಂದು, ತಾಪಮಾನ ಅತಿ ಕಡಿಮೆಗೆ, ಗಾಳಿ ಒಳಗೇ ಸುತ್ತುವ ಬಟನ್ ಆನ್, ಬ್ಲೋವರ್ ನಡುಮಟ್ಟದಲ್ಲಿಟ್ಟು ಎಂಜಿನನ್ನು 1500 ಆರ್‌ಪಿಎಂ ಸುತ್ತ ಹತ್ತು ನಿಮಿಷ ಓಡಿಸಿ. ಆರೋಗ್ಯವಾಗಿರುವ ಎಸಿ 4ರಿಂದ 10 ಡಿಗ್ರಿಯ ಗಾಳಿ ಕೊಡುತ್ತದೆ. ಹೊರಗೆ ವಿಪರೀತ ಸೆಖೆಯಿದ್ದರೆ ಒಂದೆರಡು ಡಿಗ್ರಿ ಹೆಚ್ಚು ಬಂದರೂ ಗಾಬರಿ ಬೇಡ. ತೇವದ ಗಾಳಿಯಿಂದ ನೀರನ್ನು ಹಿಂಡಿ ತೆಗೆಯುವುದಕ್ಕೇ ಎಸಿಯ ಶಕ್ತಿಯ ದೊಡ್ಡ ಪಾಲು ಹೋಗುತ್ತದೆ. 15 ಡಿಗ್ರಿಯಲ್ಲೇ ಮುಳ್ಳು ನಿಂತರೆ ದೋಷವಿದೆ. ಹೊರಗಿನ ಗಾಳಿಗಿಂತಲೂ ಬಿಸಿ ಬರುತ್ತಿದ್ದರೆ ಎಸಿಯನ್ನು ಬಿಟ್ಟು ಹೀಟರಿನ ಕಡೆ ನೋಡಿ, ಏಕೆಂದರೆ ಸತ್ತ ಎಸಿ ಹೊರಗಿನ ಗಾಳಿಯನ್ನು ಹಾಗೇ ಒಳಗೆ ಬಿಡುತ್ತದೆಯೇ ಹೊರತು ಅದನ್ನು ಕಾಯಿಸುವುದಿಲ್ಲ.

ಇದೇ ಹೊತ್ತಿಗೆ ಗಾಳಿ ಒಳಗೆ ಸುತ್ತುವ ಬಟನ್ ಒತ್ತಿದಾಗ ಬ್ಲೋವರಿನ ಸದ್ದು ಬದಲಾಗುತ್ತದೆಯೇ ಕೇಳಿ. ಬದಲಾಗದಿದ್ದರೆ ಆ ಫ್ಲಾಪ್ ಸಿಕ್ಕಿಕೊಂಡು ಕಾದ ಗಾಳಿ ಹೊರಗಿಂದಲೇ ಬರುತ್ತಿರಬಹುದು.

ಕಂಪ್ರೆಸರ್ ತಿರುಗುತ್ತಿದೆಯೇ

ಈಗ ಬಾನೆಟ್ ಎತ್ತಿ. ಸಡಿಲ ಬಟ್ಟೆ, ಕುತ್ತಿಗೆಯ ಸರ, ಉದ್ದ ಕೂದಲು ಬೆಲ್ಟಿನ ಹತ್ತಿರ ಸುಳಿಯಬಾರದು. ಫ್ಯಾನ್ ಹೇಳದೆ ಕೇಳದೆ ಶುರುವಾಗುತ್ತದೆ ಎಂಬುದೂ ನೆನಪಿರಲಿ.

ಕಂಪ್ರೆಸರಿನ ಪುಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ತಿರುಗುತ್ತದೆ. ನೋಡಬೇಕಾದದ್ದು ಅದರ ಮುಂದಿರುವ ತಟ್ಟೆಯನ್ನು. ಎಸಿ ಆನ್ ಮಾಡಿದಾಗ 'ಟಕ್' ಎಂದು ಸದ್ದಾಗಿ ತಟ್ಟೆ ಪುಲ್ಲಿಗೆ ಅಂಟಿಕೊಂಡು ಜೊತೆಗೆ ತಿರುಗಬೇಕು. ಅದೇ ಕ್ಲಚ್. 1940ರ ಮಾಡೆಲ್‌ನಲ್ಲಿ ಪ್ಯಾಕರ್ಡ್ ಕಂಪನಿ ಕಾರಿಗೆ ಎಸಿ ಕೂಡಿಸಿ ಮಾರಿದಾಗ ಕ್ಲಚ್ಚೇ ಇರಲಿಲ್ಲ. ತಂಪು ಸಾಕೆನಿಸಿದರೆ ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ಬೆಲ್ಟನ್ನೇ ಕಳಚಬೇಕಿತ್ತು. ಈ ತಟ್ಟೆಯ ಮೇಲೆ ನಾವು ಸಿಡುಕುವಾಗ ಅವರನ್ನೂ ಒಮ್ಮೆ ನೆನೆಯಬಹುದು.

ತಟ್ಟೆ ಅಂಟುತ್ತಿಲ್ಲವೆಂದರೆ ಕರೆಂಟ್ ಬರುತ್ತಿದೆಯೇ ಎಂಬುದು ಮುಂದಿನ ಪ್ರಶ್ನೆ. ಫ್ಯೂಸ್ ನೋಡಿ. ಆಮೇಲೆ ರಿಲೇ, ಅಂದರೆ ಕರೆಂಟ್ ಬಿಡುವ ಪುಟ್ಟ ಸ್ವಿಚ್: ಅದೇ ಬಾಕ್ಸಿನಲ್ಲಿ ಹಾರ್ನಿಗೋ ಮತ್ತೊಂದಕ್ಕೋ ಅದೇ ನಂಬರಿನ ರಿಲೇ ಇದ್ದರೆ ಅದಲು ಬದಲು ಮಾಡಿ ನೋಡಿ, ಖರ್ಚಿಲ್ಲದ ಪರೀಕ್ಷೆ. ಇಷ್ಟಾದರೂ ಆಗದಿದ್ದರೆ ಕ್ಲಚ್ ಕನೆಕ್ಟರಿಗೆ ಮಲ್ಟಿಮೀಟರ್ ಹಿಡಿಯಿರಿ. ಎಸಿ ಆನ್ ಇದ್ದಾಗ ಅಲ್ಲಿ 12 ವೋಲ್ಟಿಗೆ ಹತ್ತಿರ ಬಂದೂ ತಟ್ಟೆ ಕದಲದಿದ್ದರೆ ತಪ್ಪು ಕ್ಲಚ್ಚಿನದೇ. ಅದರೊಳಗಿನ ತಂತಿ ಕಾಯಿಲಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 3ರಿಂದ 4 ಓಮ್ ಆಸುಪಾಸು. ಮೀಟರ್ ಅನಂತ ತೋರಿಸಿದರೆ ಕಾಯಿಲ್ ಸುಟ್ಟಿದೆ.

ಕಾಯಿಲ್ ಸರಿಯಿದ್ದೂ ಅಂಟದಿರುವುದಕ್ಕೆ ಕಾರಣ ಅಂತರ. ಪುಲ್ಲಿಗೂ ತಟ್ಟೆಗೂ ನಡುವೆ ಸುಮಾರು 0.3ರಿಂದ 0.6 ಮಿಲಿಮೀಟರ್ ಸಂದು ಇರುತ್ತದೆ. ವರ್ಷಗಳು ಉರುಳಿದಂತೆ ತಟ್ಟೆ ಸವೆದು ಸಂದು ಅಗಲವಾಗುತ್ತದೆ. ತಣ್ಣಗಿದ್ದಾಗ ಕಾಯಿಲಿನ ಅಯಸ್ಕಾಂತ ಹೇಗೋ ಎಳೆದುಕೊಳ್ಳುತ್ತದೆ. ಕಾದಾಗ ತಂತಿಯ ರೆಸಿಸ್ಟೆನ್ಸ್ ಏರಿ, ಕರೆಂಟ್ ಇಳಿದು, ಎಳೆಯಲಾರದೆ ಕೈಚೆಲ್ಲುತ್ತದೆ. ಬೆಳಿಗ್ಗೆ ತಂಪು, ಮಧ್ಯಾಹ್ನ ಬಿಸಿ ಎಂಬ ದೂರಿನ ಗುಟ್ಟು ಬಹಳ ಸಲ ಇದೇ. ತಂಪು ಹೋದ ಕ್ಷಣದಲ್ಲೇ ಎಂಜಿನ್ ನಿಲ್ಲಿಸಿ ಕೀ ಮಾತ್ರ ಆನ್ ಇಟ್ಟು ಪರೀಕ್ಷಿಸೋಣವೆಂದರೆ ಅನೇಕ ಕಾರುಗಳು ಎಂಜಿನ್ ಓಡದೆ ಕ್ಲಚ್ಚಿಗೆ ಕರೆಂಟನ್ನೇ ಕೊಡುವುದಿಲ್ಲ. ನಾನು ಮಾಡುವುದಿಷ್ಟು: ಎಂಜಿನ್ ಆಫ್ ಮಾಡಿ ಫೀಲರ್ ಗೇಜ್ (ಅಳತೆ ಬರೆದ ತೆಳು ಪಟ್ಟಿ) ಹಾಕಿ ಸಂದನ್ನು ಅಳೆಯುತ್ತೇನೆ. ಹೆಚ್ಚಿದ್ದರೆ ತಟ್ಟೆಯ ಹಿಂದಿರುವ ತೆಳು ವಾಷರುಗಳಲ್ಲಿ ಒಂದನ್ನು ತೆಗೆದರೆ ಸರಿಹೋಗುತ್ತದೆ. ಇದಕ್ಕೆ ಇಡೀ ಕಂಪ್ರೆಸರ್ ಬದಲಿಸಬೇಕೆಂದು ಹೇಳಿದವರನ್ನೂ ಕಂಡಿದ್ದೇನೆ.

ಕ್ಲಚ್ಚಿಗೆ ಕರೆಂಟೇ ಬರುತ್ತಿಲ್ಲವೆಂದರೆ ಯಾರೋ ತಡೆದಿದ್ದಾರೆ. ಪ್ರೆಶರ್ ಸ್ವಿಚ್ ಇರುವುದೇ ಅದಕ್ಕೆ: ಒತ್ತಡ ಸುಮಾರು 2 ಬಾರ್‌ಗಿಂತ ಇಳಿದರೆ ಗ್ಯಾಸ್ ಇಲ್ಲವೆಂದು, 30 ಬಾರ್ ಸಮೀಪಿಸಿದರೆ ಪೈಪು ಒಡೆದೀತೆಂದು ಅದು ಕಂಪ್ರೆಸರನ್ನು ನಿಲ್ಲಿಸುತ್ತದೆ. ಎಂಜಿನ್ ವಿಪರೀತ ಕಾದರೂ ಕಂಪ್ಯೂಟರ್ ಎಸಿಯನ್ನು ಕಡಿಯುತ್ತದೆ, ಹಾಗಾಗಿ ಟೆಂಪರೇಚರ್ ಮುಳ್ಳಿನ ಮೇಲೂ ಕಣ್ಣಿರಲಿ. ಪ್ರೆಶರ್ ಸ್ವಿಚ್ಚಿನ ಎರಡು ವೈರು ಕೂಡಿಸಿ ಕ್ಲಚ್ ಎಳೆಯುವಂತೆ ಮಾಡುವ ಕೈಚಳಕವನ್ನು ಹಲವರು ತೋರಿಸಿಕೊಡುತ್ತಾರೆ. ಕಂಪ್ರೆಸರಿಗೆ ಎಣ್ಣೆಯನ್ನು ಹೊತ್ತು ತರುವುದೇ ಗ್ಯಾಸ್. ಗ್ಯಾಸಿಲ್ಲದೆ ಓಡಿಸಿದರೆ ಅದು ಒಣಗಿ ಒಳಗೇ ಕಚ್ಚಿಕೊಳ್ಳುತ್ತದೆ, ಲೋಹದ ಪುಡಿ ಪೈಪುಗಳಿಗೆಲ್ಲ ಹರಡುತ್ತದೆ. ಆ ಕೈಚಳಕ ಬೇಡ.

ಇಲ್ಲೊಂದು ಎಚ್ಚರ. ಈಚಿನ ಅನೇಕ ಕಾರುಗಳ ಕಂಪ್ರೆಸರಿಗೆ ಕ್ಲಚ್ ಇರುವುದಿಲ್ಲ. ಅದು ಯಾವಾಗಲೂ ತಿರುಗುತ್ತಿರುತ್ತದೆ, ಎಷ್ಟು ಒತ್ತಬೇಕೆಂಬುದನ್ನು ಒಳಗಿನ ಕಂಟ್ರೋಲ್ ವಾಲ್ವ್ ತೀರ್ಮಾನಿಸುತ್ತದೆ. ಅಂತಹ ಕಾರಿನಲ್ಲಿ 'ಟಕ್' ಸದ್ದಿಗಾಗಿ ಕಿವಿಗೊಟ್ಟು ಕೂರುವುದು ವ್ಯರ್ಥ. ಪೈಪುಗಳನ್ನೂ ಗೇಜನ್ನೂ ನಂಬಬೇಕು.

ತಟ್ಟೆ ಅಂಟಿ ಕೆಲವೇ ಸೆಕೆಂಡಿಗೆ ಬಿಟ್ಟು, ಮತ್ತೆ ಅಂಟಿ ಮತ್ತೆ ಬಿಡುತ್ತಿದ್ದರೆ ಗ್ಯಾಸ್ ಕಡಿಮೆಯಿರುವ ಸಾಧ್ಯತೆ ದೊಡ್ಡದು. ಕಂಪ್ರೆಸರ್ ಎಳೆದೊಡನೆ ಒತ್ತಡ ಕುಸಿದು ಸ್ವಿಚ್ ಕಡಿಯುತ್ತದೆ, ನಿಂತೊಡನೆ ಏರಿ ಮತ್ತೆ ಕೂಡುತ್ತದೆ.

ಒಂದು ಮಗ್ ನೀರಿನ ಪರೀಕ್ಷೆ

ಎಸಿ ಆನ್ ಆದಾಗ ಕಂಡೆನ್ಸರ್ ಫ್ಯಾನ್ ತಿರುಗಬೇಕು; ಕೆಲವು ಕಾರುಗಳಲ್ಲಿ ಕೂಡಲೇ, ಕೆಲವದರಲ್ಲಿ ಒತ್ತಡ ಏರಿದ ಮೇಲೆ. ತಿರುಗದಿದ್ದರೆ ಫ್ಯೂಸ್, ರಿಲೇ, ಕನೆಕ್ಟರ್, ಕೊನೆಗೆ ಮೋಟಾರ್. ಎರಡು ವೇಗದ ಫ್ಯಾನಾದರೆ ನಿಧಾನ ವೇಗದ ರೆಸಿಸ್ಟರ್ ಸುಟ್ಟು ಜೋರು ವೇಗವೊಂದೇ ಉಳಿದಿರುವುದೂ ಇದೆ. ಕನೆಕ್ಟರನ್ನು ಕಳಚಿ ಒಳಗೆ ಕಂದಿದೆಯೇ, ಕರಗಿದೆಯೇ ಎಂದು ಕಣ್ಣಾರೆ ನೋಡಿ. ಹೊರಗಿನಿಂದ ನೋಡಿ ಸರಿಯಿದೆ ಎಂದುಕೊಂಡಿದ್ದೇ ನಾನು ಮಾಡಿದ ತಪ್ಪು.

ಫ್ಯಾನ್ ತಿರುಗುತ್ತಿದ್ದೂ ಅನುಮಾನ ಉಳಿದರೆ ಕಾರನ್ನು ನಿಲ್ಲಿಸಿ, ಎಸಿ ಓಡುತ್ತಿರುವಾಗಲೇ ಮುಂಬದಿಯ ಜಾಲರಿಯ ಮೂಲಕ ಕಂಡೆನ್ಸರಿನ ಮೇಲೆ ನೀರು ಚಿಮುಕಿಸಿ. ಒಂದೆರಡು ನಿಮಿಷದಲ್ಲಿ ಕಿಂಡಿಯ ಥರ್ಮಾಮೀಟರ್ ಸರಸರನೆ ಇಳಿದರೆ ಗ್ಯಾಸ್ ಇದೆ, ಕಂಪ್ರೆಸರ್ ಒತ್ತುತ್ತಿದೆ, ಶಾಖ ಹೊರಹೋಗಲಾರದೆ ಒದ್ದಾಡುತ್ತಿದೆ ಅಷ್ಟೇ. ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟೊಂದು ಹೇಳುವ ಪರೀಕ್ಷೆ ಇನ್ನೊಂದನ್ನು ನಾನು ಕಂಡಿಲ್ಲ. ಆಗ ಕಂಡೆನ್ಸರಿನ ಹಲ್ಲುಗಳ ನಡುವೆ, ಅದಕ್ಕೂ ರೇಡಿಯೇಟರಿಗೂ ಮಧ್ಯದ ಸಂದಿಯಲ್ಲಿ ಸೇರಿರುವ ದೂಳು, ಹುಳು, ಒಣಗಿದ ಎಲೆಗಳನ್ನು ತೆಗೆಯಬೇಕು. ಎಂಜಿನ್ ಆರಿದ ಮೇಲೆ ಸಾಧಾರಣ ಪೈಪಿನ ನೀರಿನಲ್ಲಿ, ಆದಷ್ಟು ಹಿಂದಿನಿಂದ ಮುಂದಕ್ಕೆ ತೊಳೆಯಿರಿ. ಕಾರು ತೊಳೆಯುವ ರಭಸದ ಗನ್ ಹತ್ತಿರ ಹಿಡಿದರೆ ಹಲ್ಲುಗಳು ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ. ಗ್ಯಾಸ್ ಅತಿಯಾಗಿ ತುಂಬಿದ ಕಾರೂ ಈ ಪರೀಕ್ಷೆಯಲ್ಲಿ ಸ್ವಲ್ಪ ಸುಧಾರಿಸಿದಂತೆ ನಟಿಸುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ.

ಪೈಪುಗಳನ್ನು ಮುಟ್ಟಿ ನೋಡುವುದು

ಕೂಲಿಂಗ್ ಕಾಯಿಲಿನ ಕಡೆಗೆ ಎರಡು ಅಲ್ಯೂಮಿನಿಯಂ ಪೈಪು ಹೋಗುತ್ತವೆ, ಒಂದು ದಪ್ಪ, ಒಂದು ಸಪೂರ. ದಪ್ಪದ್ದು ಕಾಯಿಲಿನಿಂದ ಕಂಪ್ರೆಸರಿಗೆ ಮರಳುವ ದಾರಿ. ಎಸಿ ಸರಿಯಿದ್ದರೆ ಅದು ತಣ್ಣಗಿದ್ದು ಬೆವರುತ್ತಿರುತ್ತದೆ. ಸಪೂರದ್ದು ಬೆಚ್ಚಗಿರುತ್ತದೆ. ಕಂಪ್ರೆಸರಿನಿಂದ ಕಂಡೆನ್ಸರಿಗೆ ಹೋಗುವ ಪೈಪು ಕೈ ಸುಡುವಷ್ಟು ಬಿಸಿ, ಅದನ್ನು ಮುಟ್ಟಲೇಬೇಡಿ, ಬೆರಳನ್ನು ಹತ್ತಿರ ಒಯ್ದರೇ ಗೊತ್ತಾಗುತ್ತದೆ.

ದಪ್ಪ ಪೈಪು ಬೆವರುತ್ತಿದೆ, ತಣ್ಣಗೆ ಕೊರೆಯುತ್ತಿದೆ, ಆದರೂ ಕಿಂಡಿಯಲ್ಲಿ ಬಿಸಿಗಾಳಿ. ಹಾಗಿದ್ದರೆ ಬಾನೆಟ್ ಮುಚ್ಚಿ. ಎಸಿ ತನ್ನ ಕೆಲಸ ಮಾಡುತ್ತಿದೆ, ದೋಷ ಡ್ಯಾಶ್‌ಬೋರ್ಡಿನ ಒಳಗಿದೆ. ಸಪೂರ ಪೈಪಿನಲ್ಲಿ, ಎಕ್ಸ್‌ಪಾನ್ಷನ್ ವಾಲ್ವ್ ತಲುಪುವ ಮೊದಲೇ ಎಲ್ಲಾದರೂ ತಟ್ಟನೆ ತಣ್ಣಗಾಗಿದ್ದರೆ, ಇಲ್ಲವೇ ಡ್ರೈಯರ್ ಬಾಟಲಿನ ಒಂದು ತುದಿ ಬೆಚ್ಚಗೆ, ಇನ್ನೊಂದು ತಣ್ಣಗೆ ಇದ್ದರೆ ದಾರಿ ಅಲ್ಲೇ ಕಟ್ಟಿದೆ.

ತಂಪಿಗೆ ಬಿಸಿ ಬೆರೆಸುವ ಫ್ಲಾಪ್

ಬಹುತೇಕ ಕಾರುಗಳಲ್ಲಿ ತಾಪಮಾನ ಹೊಂದಿಸುವುದೆಂದರೆ ತಣ್ಣನೆ ಗಾಳಿ ಎಷ್ಟು ಪಾಲು, ಎಂಜಿನ್ನಿನ ಕಾದ ಕೂಲಂಟ್ ಹರಿಯುವ ಹೀಟರ್ ಮೇಲೆ ಹಾದುಹೋಗಬೇಕು ಎಂದು ಒಂದು ಫ್ಲಾಪ್ ತೀರ್ಮಾನಿಸುವುದು. ಆ ಫ್ಲಾಪನ್ನು ತಿರುಗಿಸುವ ಪುಟ್ಟ ಮೋಟಾರಿನ ಪ್ಲಾಸ್ಟಿಕ್ ಹಲ್ಲು ಮುರಿದರೆ ಫ್ಲಾಪ್ ಅರ್ಧ ಬಿಸಿಯಲ್ಲೇ ನಿಂತುಬಿಡುತ್ತದೆ. ಕಾರು ಶುರುಮಾಡಿದಾಗ ಡ್ಯಾಶ್‌ಬೋರ್ಡಿನ ಹಿಂದೆ ಯಾರೋ ಬೆರಳಿಂದ ಬಡಿಯುತ್ತಿರುವಂತೆ 'ಟಿಕ್ ಟಿಕ್' ಕೇಳಿಸುತ್ತಿದ್ದರೆ ಮುರಿದ ಹಲ್ಲಿನದೇ ಸದ್ದು. ಕೇಬಲ್ ಇರುವ ಹಳೆಯ ಕಾರುಗಳಲ್ಲಿ ಕೇಬಲ್ ಕೊಕ್ಕೆಯಿಂದ ಜಾರಿರುತ್ತದೆ, ಅದನ್ನು ಕೈಯಲ್ಲೇ ಸಿಕ್ಕಿಸಬಹುದು.

ಖಚಿತಪಡಿಸಿಕೊಳ್ಳುವ ಸುಲಭ ದಾರಿ: ಇಡೀ ರಾತ್ರಿ ನಿಂತು ತಣ್ಣಗಾದ ಕಾರನ್ನು ಶುರುಮಾಡಿ ಕೂಡಲೇ ಎಸಿ ಹಾಕಿ. ಮೊದಲ ಕೆಲವು ನಿಮಿಷ ಚೆನ್ನಾಗಿ ತಂಪಿದ್ದು, ಎಂಜಿನ್ನಿನ ಕೂಲಂಟ್ ಕಾಯುತ್ತಿದ್ದಂತೆ ಗಾಳಿಯೂ ಬಿಸಿಯಾಗುತ್ತ ಹೋದರೆ ಹೀಟರಿನ ಬಿಸಿ ಬೆರೆಯುತ್ತಿದೆ. ಕೆಲವು ಕಾರುಗಳಲ್ಲಿ ಹೀಟರಿಗೆ ಕೂಲಂಟ್ ಬಿಡುವ ವಾಲ್ವ್ ಇರುತ್ತದೆ, ಅದು ಮುಚ್ಚದಿದ್ದರೂ ಇದೇ ಕಥೆ. ಮೋಟಾರ್ ಬದಲಿಸಿದ ಮೇಲೆ ಹಲವು ಕಾರುಗಳಲ್ಲಿ ಫ್ಲಾಪ್ ತನ್ನ ಎರಡು ತುದಿಗಳನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಇದನ್ನು ಮಾಡದೆ ಹೊಸ ಮೋಟಾರೂ ಕೆಟ್ಟಿದೆ ಎಂದು ವಾಪಸ್ ಕೊಡುವವರಿದ್ದಾರೆ.

ಇನ್ನು ಗ್ಯಾಸ್: ಗೇಜ್ ಏನು ಹೇಳುತ್ತದೆ

ಇಲ್ಲಿಯವರೆಗಿನ ಯಾವುದೂ ಅಲ್ಲವೆಂದಾದ ಮೇಲೆ ಒತ್ತಡ ಅಳೆಯುವ ಗೇಜನ್ನು ಕೈಗೆತ್ತಿಕೊಳ್ಳಬೇಕು. ಕನ್ನಡಕ ಮತ್ತು ಕೈಗವಸು ಕಡ್ಡಾಯ. ದ್ರವರೂಪದ ಗ್ಯಾಸ್ ಚರ್ಮಕ್ಕೆ ತಾಗಿದರೆ ಅಲ್ಲೇ ಹೆಪ್ಪುಗಟ್ಟಿಸುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಬೆಂಕಿಗೆ ಸಿಕ್ಕಿದರೆ ವಿಷಾನಿಲವಾಗುತ್ತದೆ. ಬಾನೆಟ್ ಅಡಿಯ ಚೀಟಿಯಲ್ಲಿ ಯಾವ ಗ್ಯಾಸ್, ಎಷ್ಟು ಗ್ರಾಂ ಎಂದು ಬರೆದಿರುತ್ತದೆ. ಆರ್-134ಎಯ ಭೂಮಿಯ ಬಿಸಿಯೇರಿಸುವ ಶಕ್ತಿ ಇಂಗಾಲದ ಡೈಆಕ್ಸೈಡಿನ 1430 ಪಟ್ಟು ಎಂದು ಲೆಕ್ಕ. ಹಾಗಾಗಿ ಯುರೋಪಿನ ಒಕ್ಕೂಟ 2017ರಿಂದ ಹೊಸ ಕಾರುಗಳಲ್ಲಿ ಅದನ್ನು ನಿಲ್ಲಿಸಿತು, ಅದರ ಜಾಗಕ್ಕೆ ಆರ್-1234ವೈಎಫ್ ಬಂತು. ಇದು ಸ್ವಲ್ಪಮಟ್ಟಿಗೆ ಹೊತ್ತಿಕೊಳ್ಳುವ ಗ್ಯಾಸ್, ಇದನ್ನು ತುಂಬುವ ಪೈಪು ಸಿಕ್ಕಿಸುವ ಕಪ್ಲರೂ ಬೇರೆ. ಒಂದರ ಜಾಗದಲ್ಲಿ ಇನ್ನೊಂದನ್ನು ತುಂಬುವಂತಿಲ್ಲ.

ಮೊದಲು ಎಂಜಿನ್ ಆಫ್ ಇದ್ದಾಗಲೇ, ಕಾರು ಪೂರ್ತಿ ತಣ್ಣಗಿರುವಾಗ ಓದಿ. ಆರ್-134ಎ ಒಳಗೆ ದ್ರವರೂಪದಲ್ಲಿ ಸ್ವಲ್ಪವಾದರೂ ಇದ್ದರೆ 20 ಡಿಗ್ರಿಯಲ್ಲಿ ಸುಮಾರು 68 ಪಿಎಸ್‌ಐ, 25ರಲ್ಲಿ 82, 30ರಲ್ಲಿ 97, 35ರಲ್ಲಿ 114 ತೋರಿಸುತ್ತದೆ. ಇದಕ್ಕಿಂತ ತೀರಾ ಕೆಳಗಿದ್ದರೆ ಗ್ಯಾಸ್ ಬಹುಪಾಲು ಹೋಗಿದೆ. ಮೇಲಿದ್ದರೆ ಒಳಗೆ ಗಾಳಿ ಸೇರಿದೆ, ಅಥವಾ ಬೇರೆ ಗ್ಯಾಸ್ ಬೆರೆತಿದೆ. ಆದರೆ ಸರಿಯಾಗಿ ಅಷ್ಟೇ ತೋರಿಸಿದರೆ ಗ್ಯಾಸ್ ಪೂರ್ತಿ ಇದೆ ಎಂದಲ್ಲ! ಅಡುಗೆ ಸಿಲಿಂಡರಿನಲ್ಲಿ ಕಾಲು ಭಾಗ ಉಳಿದಿದ್ದರೂ ಒತ್ತಡ ತುಂಬಿದ ಸಿಲಿಂಡರಿನಷ್ಟೇ ಇರುವುದಿಲ್ಲವೇ, ಇದೂ ಹಾಗೆಯೇ. ಈ ಒಂದು ಅಂಕಿ ನೋಡಿ 'ಗ್ಯಾಸ್ ಫುಲ್ ಇದೆ' ಎನ್ನುವವರನ್ನು ನಂಬಬೇಡಿ.

ಎಂಜಿನ್ ಓಡುವಾಗ, ಸಾಧಾರಣ ಬೇಸಿಗೆಯ ದಿನ, ಲೋ ಸೈಡ್ (ಕಾಯಿಲಿನಿಂದ ಕಂಪ್ರೆಸರಿಗೆ ಮರಳುವ ಬದಿ) 25ರಿಂದ 40 ಪಿಎಸ್‌ಐ, ಹೈ ಸೈಡ್ (ಕಂಪ್ರೆಸರಿನಿಂದ ಕಂಡೆನ್ಸರಿಗೆ ಹೋಗುವ ಬದಿ) 150ರಿಂದ 250 ಇದ್ದರೆ ಸಮಾಧಾನ. ಎರಡೂ ಕಡಿಮೆಯಿದ್ದರೆ ಗ್ಯಾಸ್ ಕಡಿಮೆ. ಎರಡೂ ಹೆಚ್ಚಿದ್ದರೆ ಅತಿಯಾಗಿ ತುಂಬಿದ್ದಾರೆ, ಅಥವಾ ಗಾಳಿ ಸೇರಿದೆ, ಅಥವಾ ಕಂಡೆನ್ಸರಿಗೆ ಗಾಳಿ ಸಾಲದು. ಲೋ ಸೈಡ್ ಸೊನ್ನೆಯ ಕಡೆ ಕುಸಿಯುತ್ತ ನಿರ್ವಾತಕ್ಕೇ ಹೋಗುತ್ತಿದ್ದರೆ ವಾಲ್ವಿನಲ್ಲೋ ಡ್ರೈಯರಿನಲ್ಲೋ ದಾರಿ ಕಟ್ಟಿದೆ. ಲೋ ಹೆಚ್ಚು, ಹೈ ಕಡಿಮೆ, ಎಂಜಿನ್ ನಿಲ್ಲಿಸಿದೊಡನೆ ಎರಡೂ ಮುಳ್ಳು ಓಡಿಬಂದು ಒಂದಾಗುತ್ತವೆ ಎಂದರೆ ಕಂಪ್ರೆಸರ್ ಸೋತಿದೆ. ಕ್ಲಚ್ ಇಲ್ಲದ ಮಾದರಿಯಲ್ಲಿ ಕಂಟ್ರೋಲ್ ವಾಲ್ವನ್ನು ಮೊದಲು ನೋಡಿ, ಅದೊಂದನ್ನೇ ಬದಲಿಸಿದರೆ ಸಾಕಾಗಬಹುದು.

ಅಂಗಡಿಯಲ್ಲಿ ಸಿಗುವ ಚಿಕ್ಕ ಕ್ಯಾನ್‌ಗಳಿಗೆ ಲೋ ಸೈಡ್ ಗೇಜ್ ಒಂದೇ ಇರುತ್ತದೆ. ಮೇಲಿನ ಸಾಲುಗಳನ್ನು ಇನ್ನೊಮ್ಮೆ ಓದಿ: ಲೋ ಸೈಡ್ ಒಂದನ್ನೇ ನೋಡಿದರೆ ಗ್ಯಾಸ್ ಕಡಿಮೆಯಾದದ್ದಕ್ಕೂ ದಾರಿ ಕಟ್ಟಿದ್ದಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಸೋರಿಕೆ ಮುಚ್ಚುವ ಅಂಟು ಬೆರೆಸಿದ ಕ್ಯಾನ್ ಅಂತೂ ಬೇಡವೇ ಬೇಡ. ಅದು ವಾಲ್ವಿನ ಗಂಡಿಯನ್ನೂ ಮುಚ್ಚಬಹುದು, ಗ್ಯಾಸ್ ತೆಗೆಯುವ ಯಂತ್ರವನ್ನೂ ಹಾಳುಮಾಡಬಹುದು.

ಸೋರಿಕೆ ಹುಡುಕುವುದು

ಗ್ಯಾಸ್ ಹೋದ ಕಡೆ ಅದರ ಜೊತೆ ಎಣ್ಣೆಯೂ ಜಿನುಗುತ್ತದೆ, ಎಣ್ಣೆಗೆ ದೂಳು ಅಂಟುತ್ತದೆ. ಆದ್ದರಿಂದ ಪೈಪುಗಳ ಜೋಡಣೆ, ಕಂಪ್ರೆಸರಿನ ಮುಂಬದಿ, ಕಂಡೆನ್ಸರಿನ ಕೆಳತುದಿಗಳಲ್ಲಿ ಕಪ್ಪಗೆ ಜಿಡ್ಡುಗಟ್ಟಿದ ಜಾಗ ಹುಡುಕಿ. ಗ್ಯಾಸ್ ತುಂಬುವ ವಾಲ್ವಿನ ಮುಚ್ಚಳ ತೆಗೆದು ಸೋಪಿನ ನೊರೆ ಹಚ್ಚಿ ನೋಡಿ. ಸೈಕಲ್ ಟ್ಯೂಬಿನ ವಾಲ್ವಿನಂಥದ್ದೇ ಆ ಪುಟ್ಟ ಪಿನ್ನಿನಿಂದ ಗುಳ್ಳೆ ಬಂದರೆ ನಿಮ್ಮ ಅದೃಷ್ಟ, ದುರಸ್ತಿ ಸಣ್ಣದು. ಕಾಣದ ಸೋರಿಕೆಗೆ ಅಲ್ಟ್ರಾವಯಲೆಟ್ ಬೆಳಕಿನಲ್ಲಿ ಹೊಳೆಯುವ ಬಣ್ಣ ಸೇರಿಸಿ ಕೆಲವು ದಿನ ಓಡಿಸಿ ನೋಡುತ್ತಾರೆ. ಕೂಲಿಂಗ್ ಕಾಯಿಲ್ ಸೋರುತ್ತಿದ್ದರೆ ಕಣ್ಣಿಗೆ ಕಾಣುವುದು ಕಷ್ಟ. ಎಂಜಿನ್ ಮತ್ತು ಬ್ಲೋವರ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು, ನೀರು ಹೊರಬರುವ ಪೈಪಿನ ಬಾಯಿಗೆ ಎಲೆಕ್ಟ್ರಾನಿಕ್ ಡಿಟೆಕ್ಟರ್ ಹಿಡಿಯಬೇಕು. ಪೂರ್ತಿ ಖಾಲಿಯಾದ ಎಸಿಗೆ ಒಣ ನೈಟ್ರೋಜನ್ ತುಂಬಿ ನೊರೆ ಹಚ್ಚುವುದು ಸರಿಯಾದ ಕ್ರಮ. ಟೈರಿಗೆ ಹಿಡಿಯುವ ಗಾಳಿ ಹಾಕಬಾರದು. ಅದರಲ್ಲಿ ತೇವವಿದೆ, ಮೇಲಾಗಿ ಒತ್ತಡದಲ್ಲಿ ಆರ್-134ಎ ಜೊತೆ ಗಾಳಿ ಬೆರೆತರೆ ಹೊತ್ತಿಕೊಳ್ಳುವ ಅಪಾಯವಿದೆ.

ತೂತು ಮುಚ್ಚಿದ ಮೇಲೆ ತುಂಬುವ ಕೆಲಸ. ಜೋಡಣೆಗಳಿಗೆ ಹೊಸ ಓ-ರಿಂಗ್ (ರಬ್ಬರ್ ಬಳೆ), ಬಹಳ ದಿನ ತೆರೆದಿದ್ದರೆ ಹೊಸ ಡ್ರೈಯರ್, ಆಮೇಲೆ ಕನಿಷ್ಠ ಅರ್ಧ ಗಂಟೆ ನಿರ್ವಾತ. ಒಳಗಿನ ತೇವ 25 ಡಿಗ್ರಿಯಲ್ಲಿ ಕುದಿದು ಆವಿಯಾಗಬೇಕಾದರೆ ಒತ್ತಡ 24 ಮಿಲಿಮೀಟರ್ ಪಾದರಸಕ್ಕಿಂತ ಕೆಳಗಿಳಿಯಬೇಕು. ಐದು ನಿಮಿಷ ಪಂಪ್ ಓಡಿಸಿ ಸಾಕೆಂದರೆ ತೇವ ಅಲ್ಲೇ ಕೂತಿರುತ್ತದೆ. ಪಂಪ್ ನಿಲ್ಲಿಸಿ ಮುಳ್ಳು ಕದಲುತ್ತದೆಯೇ ಎಂದು ಮತ್ತೆ ಹದಿನೈದು ನಿಮಿಷ ಕಾಯಬೇಕು. ಕೊನೆಗೆ ಚೀಟಿಯಲ್ಲಿರುವ ಗ್ರಾಂ ಲೆಕ್ಕವನ್ನು ತಕ್ಕಡಿಯಲ್ಲಿ ತೂಗಿ ತುಂಬಬೇಕು. ಗೇಜ್ ನೋಡಿ ಅಂದಾಜಿಗೆ ತುಂಬುವುದು ನಡೆಯುತ್ತದೆ, ಆದರೆ ಈಗಿನ ಚಿಕ್ಕ ಎಸಿಗಳಲ್ಲಿ 50 ಗ್ರಾಂ ಆಚೀಚೆಯಾದರೂ ತಂಪಿನಲ್ಲಿ ಗೊತ್ತಾಗುತ್ತದೆ. ಎಣ್ಣೆಯೂ ಕಂಪ್ರೆಸರ್ ಕೇಳುವ ನಮೂನೆಯದೇ ಆಗಿರಬೇಕು.

ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರಿನವರಿಗೆ ಒಂದು ಮಾತು. ಅಲ್ಲಿ ಕಂಪ್ರೆಸರಿಗೆ ಬೆಲ್ಟ್ ಇಲ್ಲ, ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್ ಇದೆ. ಅದರ ಹತ್ತಿರ ಸ್ಪ್ಯಾನರ್ ಒಯ್ಯಬೇಡಿ. ವಿದ್ಯುತ್ ಹರಿಯಲು ಬಿಡದ ಬೇರೆಯದೇ ಎಣ್ಣೆ ಅದಕ್ಕೆ ಬೇಕು. ಸಾಮಾನ್ಯ ಎಣ್ಣೆ ಸ್ವಲ್ಪ ಬೆರೆತರೂ ಕಾರಿನ ಕಂಪ್ಯೂಟರ್ ಇನ್ಸುಲೇಷನ್ ದೋಷವೆಂದು ಕೂಗೆಬ್ಬಿಸಬಹುದು. ಫಿಲ್ಟರ್, ಫ್ಯಾನ್, ಫ್ಲಾಪ್, ನೀರಿನ ಪರೀಕ್ಷೆ ಇವಿಷ್ಟೇ ಮನೆಯ ಕೆಲಸ.

ದುರಸ್ತಿ ಮುಗಿದ ದಿನ ಮತ್ತೆ ಥರ್ಮಾಮೀಟರ್ ತೂರಿಸಿ ಹತ್ತು ನಿಮಿಷ ಓಡಿಸಿ. ಹೊರಗಿನ ತಾಪಮಾನ, ಕಿಂಡಿಯ ತಾಪಮಾನ, ಎರಡೂ ಬದಿಯ ಒತ್ತಡ, ತುಂಬಿದ ಗ್ಯಾಸಿನ ತೂಕ, ದಿನಾಂಕ ಇವನ್ನು ಒಂದು ಚೀಟಿಯಲ್ಲಿ ಬರೆದು ಗ್ಲೋವ್ ಬಾಕ್ಸಿನಲ್ಲಿಡಿ. ಮುಂದಿನ ಸಲ ಯಾರಾದರೂ 'ಗ್ಯಾಸ್ ಮುಗಿದಿರಬೇಕು' ಎಂದಾಗ ಅವರ ಕೈಗೆ ಆ ಚೀಟಿ ಕೊಡಬಹುದು.